ಬೋರ್‌ವೆಲ್ ನೀರಿಗೆ ಕರೆಂಟು ಕೊಟ್ಟರೆ ಕೆಂಪು ಕೆಸರು ಏಕೆ ಬರುತ್ತದೆ? ಭಾನುವಾರದೊಳಗೆ ಉತ್ತರ ಬೇಕು

ಬಿಸಿಲುನಾಡಿನವ (ಕಲಬುರಗಿ)
ಎಲ್ಲರಿಗೂ ಶರಣು ಶರಣಾರ್ಥಿ. ಮೊನ್ನೆ ನಾನು ಕೆಲಸಕ್ಕೆ ಹೋಗಿದ್ದಾಗ ನೀರು ಶುದ್ಧ ಮಾಡುವ ಯಂತ್ರ ಮಾರುವವನೊಬ್ಬ ಮನೆಗೆ ಬಂದಿದ್ದಾನೆ. ಅವ್ವ ಒಬ್ಬಳೇ ಇದ್ದಳು. ಎರಡು ಗಾಜಿನ ಲೋಟ ಕೇಳಿ ಒಂದಕ್ಕೆ ನಮ್ಮ ಬೋರ್‌ವೆಲ್ ನೀರು, ಇನ್ನೊಂದಕ್ಕೆ ತನ್ನ ಬಾಟಲಿಯ ನೀರು ಹಾಕಿದನಂತೆ. ಕೆಳಗೆ ನಾಲ್ಕು ಲೋಹದ ಕಡ್ಡಿ ಇಳಿಬಿಟ್ಟಿದ್ದ ಕರಿ ಡಬ್ಬಿಯೊಂದನ್ನು ಎರಡೂ ಲೋಟಗಳ ಮೇಲೆ ಕೂಡಿಸಿ ಪ್ಲಗ್ ಹಾಕಿದ್ದಾನೆ. ಒಂದೇ ನಿಮಿಷದಲ್ಲಿ ನಮ್ಮ ನೀರು ಮೊದಲು ಪಾಚಿ ಬಣ್ಣ, ಆಮೇಲೆ ಕಪ್ಪು, ಕೊನೆಗೆ ಇಟ್ಟಂಗಿ ಪುಡಿ ಕಲಸಿದ ಹಾಗೆ ಆಯಿತಂತೆ. ಅವನ ನೀರು ಮಾತ್ರ ತಿಳಿಯಾಗಿಯೇ ಇತ್ತು.

"ಅವ್ವಾ, ಮೂವತ್ತು ವರ್ಷ ಇದನ್ನೇ ಕುಡಿದಿದ್ದೀರಲ್ಲ" ಎಂದು ಹೇಳಿ ಸಾವಿರ ರೂಪಾಯಿ ಮುಂಗಡ ಇಸಿದುಕೊಂಡು ಹೋಗಿದ್ದಾನೆ. ಅಂದಿನಿಂದ ಅವ್ವ ನಮ್ಮ ನೀರು ಮುಟ್ಟುತ್ತಿಲ್ಲ, ಕ್ಯಾನ್ ತರಿಸುತ್ತಿದ್ದಾಳೆ. ಭಾನುವಾರ ಅವನು ಉಳಿದ ಹಣಕ್ಕೆ ಬರುತ್ತಾನೆ. ಇದರಲ್ಲಿ ಏನೋ ಕಣ್ಕಟ್ಟು ಇದೆ ಎಂದು ನನಗೆ ಅನಿಸುತ್ತಿದೆ. ಆದರೆ ನಾನು ಓದಿದ್ದು ಬಿ.ಕಾಂ. ನೀರಿನಲ್ಲಿ ಏನೂ ಇಲ್ಲದಿದ್ದರೆ ಆ ಕೆಸರು ಎಲ್ಲಿಂದ ಬಂತು? ಅವನ ಲೋಟದಲ್ಲಿ ಏಕೆ ಬರಲಿಲ್ಲ?

ಖಡಕ್ ರೊಟ್ಟಿ
ಹಣ ಕೊಡಬೇಡಿ. ನಮ್ಮ ಓಣಿಯಲ್ಲಿಯೂ ಇದೇ ಆಟ ಆಡಿ ಹೋದರು.

ಎರೆಮಣ್ಣು (ಸೇಡಂ)
ಅಷ್ಟು ಬೇಗ ತೀರ್ಪು ಕೊಡಬೇಡಿ. ನಮ್ಮದು ಶಹಾಬಾದ್ ಕಲ್ಲಿನ ನೆಲ. ನಾಲ್ಕು ದಿನ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಕಟ್ಟುತ್ತದೆ. ನೀರಿನಲ್ಲಿ ಕರಗಿ ಕೂತಿದ್ದ ಕೊಳೆ ಕರೆಂಟು ತಗುಲಿದಾಗ ಹೊರಗೆ ಬಂದಿದೆ. ನಾನೂ ಇದೇ ಪರೀಕ್ಷೆ ನೋಡಿಯೇ 18 ಸಾವಿರ ಕೊಟ್ಟು ಯಂತ್ರ ಹಾಕಿಸಿದ್ದು. ಪಶ್ಚಾತ್ತಾಪವಿಲ್ಲ.

ವೈರ್‌ಮನ್ ಕಾಕಾ (ಕಲಬುರಗಿ)
ಎರೆಮಣ್ಣು ಅವರೇ, ನಿಮ್ಮ ಪಾತ್ರೆಗೆ ಕಟ್ಟುವ ಸುಣ್ಣ ಯಾವ ಬಣ್ಣ? ಬಿಳಿ. ಲೋಟದಲ್ಲಿ ಬಂದದ್ದು? ಕೆಂಪು. ಬಿಳಿ ಸುಣ್ಣ ಕರೆಂಟು ಕಂಡು ನಾಚಿ ಕೆಂಪಾಯಿತೇ?

ಅಂಥ ಡಬ್ಬಿಯೊಂದು ರಿಪೇರಿಗೆಂದು ನನ್ನ ಕೈಗೆ ಬಂದಿತ್ತು. ಬಿಚ್ಚಿ ನೋಡಿದೆ. ಒಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್, ಒಂದು ಪುಟ್ಟ ದೀಪ, ನಾಲ್ಕು ತಿರುಪು. ಅಷ್ಟೇ. ಕಡ್ಡಿಗಳ ಪೈಕಿ ಎರಡು ಕಬ್ಬಿಣ, ಎರಡು ಅಲ್ಯೂಮಿನಿಯಂ. ಒಂದು ಕಬ್ಬಿಣದ ಕಡ್ಡಿಯ ತುದಿ ಇಲಿ ಕಡಿದ ಹಾಗೆ ಸವೆದಿತ್ತು. ಅಲ್ಲಿಯೇ ಉತ್ತರ ಇದೆ. ಹೆಚ್ಚಿನದನ್ನು ಮಾಸ್ತರರು ಹೇಳಲಿ. ಒಂದು ಎಚ್ಚರಿಕೆ: ಡಯೋಡ್ ಇದ್ದರೂ ಅದು ಮನೆಯ 230 ವೋಲ್ಟೇ. ಪ್ಲಗ್ ಹಾಕಿದಾಗ ಅವ್ವ ಲೋಟಕ್ಕೆ ಬೆರಳು ಅದ್ದದಿರಲಿ.

ನಿವೃತ್ತ ಮಾಸ್ತರ (ಯಾದಗಿರಿ)
ಕಾಕಾ ಅವರು ಅರ್ಧ ಪಾಠ ಮುಗಿಸಿಬಿಟ್ಟಿದ್ದಾರೆ. ಆ ಕೆಸರು ನಿಮ್ಮ ನೀರಿನದಲ್ಲ ತಮ್ಮಾ, ಅವನ ಕಡ್ಡಿಯದು.

ತಂತಿಯಲ್ಲಿ ಹರಿಯುವುದು ಇಲೆಕ್ಟ್ರಾನ್. ಅದು ಕಡ್ಡಿಯ ಮೈವರೆಗೆ ಬರುತ್ತದೆ, ನೀರಿಗೆ ಇಳಿಯುವುದಿಲ್ಲ. ನೀರಿನೊಳಗೆ ಕರೆಂಟು ಸಾಗಿಸುವುದು ಕರಗಿದ ಲವಣದ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಧನ ಅಯಾನುಗಳು, ಅವು ಋಣ ಕಡ್ಡಿಯತ್ತ ಸರಿಯುತ್ತವೆ. ಕ್ಲೋರೈಡ್, ಬೈಕಾರ್ಬನೇಟ್, ಸಲ್ಫೇಟ್ ಋಣ ಅಯಾನುಗಳು, ಅವು ಧನ ಕಡ್ಡಿಯತ್ತ. ಎರಡು ದಿಕ್ಕಿನ ಈ ಸರಿದಾಟ ಸೇರಿಯೇ ನೀರಿನೊಳಗಿನ ವಿದ್ಯುತ್ ಪ್ರವಾಹ.

ಆದರೆ ಕಡ್ಡಿಯ ಮೈಯಲ್ಲಿ ಇಲೆಕ್ಟ್ರಾನಿನ ಕೊಡು-ಕೊಳ್ಳು ನಡೆಯದಿದ್ದರೆ ಈ ಸರಿದಾಟ ಕ್ಷಣದಲ್ಲಿ ನಿಂತುಹೋಗುತ್ತದೆ. ಧನ ಕಡ್ಡಿ ಕಬ್ಬಿಣದ್ದಾದರೆ ಆ ಕಬ್ಬಿಣವೇ ಎರಡು ಇಲೆಕ್ಟ್ರಾನ್‌ಗಳನ್ನು ತಂತಿಗೆ ಒಪ್ಪಿಸಿ, ತಾನು ಅಯಾನಾಗಿ ನೀರಿಗೆ ಬೀಳುತ್ತದೆ. ಇತ್ತ ಋಣ ಕಡ್ಡಿಯಲ್ಲಿ ನೀರು ಇಲೆಕ್ಟ್ರಾನ್ ತೆಗೆದುಕೊಂಡು ಜಲಜನಕದ ಗುಳ್ಳೆ ಬಿಡುತ್ತದೆ, ಹೈಡ್ರಾಕ್ಸೈಡ್ ಉಳಿಯುತ್ತದೆ. ಕಬ್ಬಿಣದ ಅಯಾನು, ಹೈಡ್ರಾಕ್ಸೈಡ್ ನಡುದಾರಿಯಲ್ಲಿ ಕೂಡಿದಾಗ ಮೊದಲು ಹಸಿರುಗಪ್ಪು ಗಸಿ ಬರುತ್ತದೆ. ಅದಕ್ಕೆ ಗಾಳಿಯ ಆಮ್ಲಜನಕ ಸೋಕಿದರೆ ಇಟ್ಟಂಗಿ ಬಣ್ಣ. ನಿಮ್ಮ ಅವ್ವ ಬಣ್ಣಗಳನ್ನು ಸರಿಯಾದ ಕ್ರಮದಲ್ಲಿಯೇ ಗಮನಿಸಿದ್ದಾರೆ. ನನ್ನ ಎಷ್ಟೋ ವಿದ್ಯಾರ್ಥಿಗಳು ಅಷ್ಟು ಗಮನಿಸುತ್ತಿರಲಿಲ್ಲ.

ಅವನ ಬಾಟಲಿಯದು ಆರ್‌ಒ ನೀರು. ಅದರಲ್ಲಿ ಲವಣ ಬಹಳ ಕಡಿಮೆ, ಸಾಗಿಸುವವರೇ ಇಲ್ಲ. ಕರೆಂಟು ಹರಿಯದಿದ್ದರೆ ಕಡ್ಡಿ ಕರಗುವುದಿಲ್ಲ, ಕಡ್ಡಿ ಕರಗದಿದ್ದರೆ ಬಣ್ಣವಿಲ್ಲ.

ಬಿಸಿಲುನಾಡಿನವ
ಮಾಸ್ತರರೇ, ಒಂದು ನಿಮಿಷದಲ್ಲಿ ಅಷ್ಟೊಂದು ಕಬ್ಬಿಣ ಕರಗುತ್ತದೆಯೇ? ಲೋಟ ತುಂಬ ಕೆಸರು ಎಂದು ಅವ್ವ ಹೇಳುತ್ತಾಳೆ.

ನಿವೃತ್ತ ಮಾಸ್ತರ
ಲೆಕ್ಕ ಹಾಕೋಣ, ಬಿ.ಕಾಂ.ನವರಿಗೆ ಲೆಕ್ಕ ಹಿಡಿಸುತ್ತದೆ. ಅರ್ಧ ಆಂಪಿಯರ್ ಹರಿಯಿತು ಎಂದುಕೊಳ್ಳಿ. 60 ಸೆಕೆಂಡಿಗೆ 30 ಕೂಲಂಬ್ ವಿದ್ಯುದಂಶ. ಒಂದು ಮೋಲ್ (ಪರಮಾಣುವಿನಂಥ ಕಣಗಳನ್ನು ಎಣಿಸುವ ಅಳತೆ) ಇಲೆಕ್ಟ್ರಾನಿಗೆ 96,485 ಕೂಲಂಬ್. ಒಂದು ಕಬ್ಬಿಣದ ಪರಮಾಣುವಿಗೆ ಎರಡು ಇಲೆಕ್ಟ್ರಾನ್, ಅದರ ಪರಮಾಣು ತೂಕ ಸುಮಾರು 56, ಅಂದರೆ ಮೋಲಿಗೆ 56 ಗ್ರಾಂ. ಒಟ್ಟು 8.7 ಮಿಲಿಗ್ರಾಂ. ಚಿಟಿಕೆಗೂ ಕಡಿಮೆ. ಆದರೆ 200 ಮಿಲಿಲೀಟರ್ ಲೋಟದಲ್ಲಿ ಅದು ಲೀಟರಿಗೆ 43 ಮಿಲಿಗ್ರಾಂ ಆಯಿತು. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಸಾಕು, ಬಿಳಿ ಬಟ್ಟೆಗೆ ಕಬ್ಬಿಣದ ಕಲೆ ಹಿಡಿಯತೊಡಗುತ್ತದೆ. ಇದು ಅದರ ನೂರು ಪಟ್ಟಿಗೂ ಹೆಚ್ಚು. ಗಸಿ ಹತ್ತಿಯಂತೆ ಉಬ್ಬಿ ಹರಡುವುದರಿಂದ ಲೋಟ ತುಂಬಿದಂತೆ ಕಾಣುತ್ತದೆ.

ತೊಗರಿಬೇಳೆ (ಚಿತ್ತಾಪುರ)
ಇಲೆಕ್ಟ್ರಾನ್ ನೀರಿಗೆ ಇಳಿಯುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಇಳಿಯದೆ ಆ ಕಡೆಯ ತಂತಿಗೆ ಹೇಗೆ ಬಂತು? ಕಳ್ಳದಾರಿ ಇದೆಯೇ?

ವೈರ್‌ಮನ್ ಕಾಕಾ
ಆ ಕಡೆಯ ತಂತಿಯಲ್ಲಿ ಹೋಗುವ ಇಲೆಕ್ಟ್ರಾನ್ ಈ ಕಡೆಯಿಂದ ಬಂದದ್ದೇ ಆಗಿರಬೇಕೆಂದು ಯಾರು ಹೇಳಿದರು? ಬ್ಯಾಂಕಿನ ಈ ಶಾಖೆಯಲ್ಲಿ ಕಟ್ಟಿದ ನೋಟನ್ನೇ ಆ ಶಾಖೆಯಲ್ಲಿ ಕೊಡುತ್ತಾರೆಯೇ? ಇಲ್ಲಿ ನೀರು ಪಡೆಯಿತು, ಅಲ್ಲಿ ಕಬ್ಬಿಣ ಕೊಟ್ಟಿತು. ಲೆಕ್ಕ ಸರಿಹೋಯಿತು.

ತೊಗರಿಬೇಳೆ
ಸರಿ, ಇದಾದರೂ ಹೇಳಿ. ಅಯಾನು ಸರಿಯುವುದು ಆಮೆ ವೇಗದಲ್ಲಿ ಎಂದು ಓದಿದ ನೆನಪು. ಹಾಗಾದರೆ ಉಪ್ಪುನೀರಿನ ಮೂಲಕ ಬಲ್ಬ್ ಜೋಡಿಸಿದರೆ ಸ್ವಿಚ್ ಒತ್ತಿದ ಕೂಡಲೇ ಹೇಗೆ ಉರಿಯುತ್ತದೆ?

ನಿವೃತ್ತ ಮಾಸ್ತರ
ಆಮೆ ಇದಕ್ಕಿಂತ ಎಷ್ಟೋ ಜೋರು. ಕಡ್ಡಿಗಳ ನಡುವೆ ಸೆಂಟಿಮೀಟರಿಗೆ ಒಂದು ವೋಲ್ಟ್ ಇದ್ದರೆ ಸೋಡಿಯಂ ಅಯಾನು ಗಂಟೆಗೆ ಎರಡು ಸೆಂಟಿಮೀಟರಿಗೂ ಕಡಿಮೆ ಸರಿಯುತ್ತದೆ. ಕ್ಲೋರೈಡ್ ಮೂರಕ್ಕೆ ಹತ್ತಿರ.

ಶರಣಬಸವೇಶ್ವರರ ತೇರು ನೋಡಿದ್ದೀರಲ್ಲ? ಹಗ್ಗದ ಮುಂತುದಿ ಹಿಡಿದವರು ಜಗ್ಗಿದ ಕೂಡಲೇ ಹಿಂತುದಿಯೂ ಬಿಗಿಯುತ್ತದೆ. ಮುಂದೆ ನಿಂತವನು ನಡೆದುಕೊಂಡು ತೇರಿನವರೆಗೆ ಬರಬೇಕಿಲ್ಲ. ಹಾಗೆಯೇ ಸ್ವಿಚ್ ಒತ್ತಿದಾಗ ನೀರಿನ ಉದ್ದಕ್ಕೂ ಇರುವ ಎಲ್ಲ ಅಯಾನುಗಳ ಮೇಲೆ ಒಂದೇ ಸಲಕ್ಕೆ ಸೆಳೆತ ಬೀಳುತ್ತದೆ. ಕಡ್ಡಿಗೆ ಅಂಟಿಕೊಂಡು ನಿಂತವು ಕೂಡಲೇ ವ್ಯವಹಾರ ಮುಗಿಸುತ್ತವೆ. ಹಿಂದಿನವು ಒಂದು ಹೆಜ್ಜೆ ಮುಂದೆ ಬರುತ್ತವೆ. ಬಲ್ಬಿಗೆ ಅಷ್ಟು ಸಾಕು.

ಭೀಮೆಯ ದಡ (ಅಫಜಲಪುರ)
ತೇರಿನ ಮಾತು ಬಂತು, ನೆನಪಾಯಿತು. ಉತ್ತತ್ತಿ ಎಸೆಯುವಾಗ ಹೋದ ವರ್ಷ ಒಂದು ನೇರ ನನ್ನ ಕನ್ನಡಕಕ್ಕೇ ಬಿತ್ತು. ವಿಷಯಾಂತರಕ್ಕೆ ಕ್ಷಮಿಸಿ.

ಪಿಯು ವಿದ್ಯಾರ್ಥಿನಿ (ಬೀದರ್)
ಸರ್, ನನ್ನದೊಂದು ಸಂದೇಹ. ಸೋಡಿಯಂ ಅಯಾನು ಕ್ಲೋರೈಡಿಗಿಂತ ಚಿಕ್ಕದು. ಚಿಕ್ಕದು ಬೇಗ ಓಡಬೇಕಲ್ಲವೇ? ಏಕೆ ಹಿಂದೆ ಬೀಳುತ್ತದೆ?

ನಿವೃತ್ತ ಮಾಸ್ತರ
ಒಳ್ಳೆಯ ಪ್ರಶ್ನೆ ಮಗಳೇ. ಚಿಕ್ಕದಾದ್ದರಿಂದಲೇ ಅದರ ವಿದ್ಯುದಂಶ ಒತ್ತಾಗಿರುತ್ತದೆ, ಸುತ್ತಲಿನ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಡೀ ಸಂಸಾರವನ್ನು ಬೆನ್ನಿಗೆ ಕಟ್ಟಿಕೊಂಡು ಜಾತ್ರೆಯಲ್ಲಿ ನಡೆಯುವವನ ಪಾಡು ಅದರದು. ಅದಕ್ಕೇ ಅಡುಗೆ ಉಪ್ಪಿನ ದ್ರಾವಣದಲ್ಲಿ ಕರೆಂಟಿನ ನೂರರಲ್ಲಿ ಸುಮಾರು 60 ಪಾಲನ್ನು ಕ್ಲೋರೈಡ್ ಹೊರುತ್ತದೆ, ಸೋಡಿಯಂ ಪಾಲಿಗೆ 40. ಪೊಟ್ಯಾಸಿಯಂ, ಕ್ಲೋರೈಡ್ ಮಾತ್ರ ಹೆಚ್ಚುಕಡಿಮೆ ಸಮಸಮ. ನಿಮ್ಮ ಪ್ರಯೋಗಾಲಯದಲ್ಲಿ ಎರಡು ದ್ರಾವಣಗಳನ್ನು ಜೋಡಿಸುವ ಲವಣ ಸೇತುವೆಗೆ ಪೊಟ್ಯಾಸಿಯಂ ಕ್ಲೋರೈಡ್ ಹಾಕುವುದು ಅದಕ್ಕೇ.

ಎಲ್ಲರಿಗಿಂತ ಜೋರು ಜಲಜನಕದ ಅಯಾನು. ಅದು ತಾನೇ ಓಡುವುದಿಲ್ಲ, ಒಂದು ನೀರಿನ ಅಣು ಪಕ್ಕದ ಅಣುವಿಗೆ ದಾಟಿಸುತ್ತದೆ. ಸಾಲಾಗಿ ನಿಂತು ಕೊಡ ದಾಟಿಸಿದಂತೆ. ಈ ಕಲ್ಪನೆಯನ್ನು ಗ್ರೋಟ್‌ಹಸ್ ಎಂಬವನು 1806ರಲ್ಲಿಯೇ ಮುಂದಿಟ್ಟಿದ್ದ.

ಎರೆಮಣ್ಣು
ಎಲ್ಲರೂ ಕೂಡಿ ನನ್ನನ್ನು ಮೂರ್ಖನನ್ನಾಗಿ ಮಾಡುತ್ತಿದ್ದೀರಿ. ಲವಣ ನೀರಿನಲ್ಲಿ ಸುಮ್ಮನೆ ಕರಗಿರುತ್ತದೆ, ಅದನ್ನು ಅಯಾನಾಗಿ ಒಡೆಯುವುದು ಕರೆಂಟು. ಒಡೆದ ಮೇಲೆ ಕೊಳೆ ಕಾಣುತ್ತದೆ. ಇಷ್ಟೇ ನಾನು ಹೇಳಿದ್ದು.

ನಿವೃತ್ತ ಮಾಸ್ತರ
ಬೇಸರ ಬೇಡ. ನಿಮ್ಮ ತಪ್ಪನ್ನು ದೊಡ್ಡ ದೊಡ್ಡವರೇ ಮಾಡಿದ್ದಾರೆ. ಅಯಾನು, ಆನೋಡ್ (ಇಲ್ಲಿ ಧನ ಕಡ್ಡಿ), ಕ್ಯಾಥೋಡ್ (ಋಣ ಕಡ್ಡಿ) ಎಂಬ ಹೆಸರುಗಳನ್ನು 1834ರಲ್ಲಿ ಬಳಕೆಗೆ ತಂದ ಫ್ಯಾರಡೆಯ ಕಾಲದಲ್ಲಿ ಕರೆಂಟೇ ಲವಣವನ್ನು ಒಡೆಯುತ್ತದೆ ಎಂದು ನಂಬಿದ್ದರು. ಉಪ್ಪು ನೀರಿಗೆ ಬಿದ್ದಾಗಲೇ ಅಯಾನುಗಳಾಗಿ ಬಿಡಿಸಿಕೊಂಡಿರುತ್ತದೆ, ಕರೆಂಟಿಗಾಗಿ ಕಾಯುವುದಿಲ್ಲ ಎಂದು ಸ್ವೀಡನ್ನಿನ ಅರೇನಿಯಸ್ 1884ರಲ್ಲಿ ಪ್ರಬಂಧ ಬರೆದ. ಉಪ್ಸಾಲಾದ ಪರೀಕ್ಷಕರು ಕೆಳದರ್ಜೆ ಕೊಟ್ಟು ಕಳಿಸಿದರು. ಅದೇ ವಿಚಾರಕ್ಕೆ 1903ರಲ್ಲಿ ನೊಬೆಲ್ ಬಂತು. ಪರೀಕ್ಷಕನಾಗಿ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನಗೆ ಈ ಕಥೆ ನೆನಪಾದಾಗಲೆಲ್ಲ ಸ್ವಲ್ಪ ಅಂಜಿಕೆಯಾಗುತ್ತದೆ.

ಪಿಯು ವಿದ್ಯಾರ್ಥಿನಿ
ಇಂದು ಮನೆಯಲ್ಲಿ ಮಾಡಿ ನೋಡಿದೆ. 9 ವೋಲ್ಟ್ ಬ್ಯಾಟರಿ, ನಮ್ಮ ಕೊಳವೆಬಾವಿಯ ನೀರು, ಎರಡು ಮೊಳೆ. ಧನ ತುದಿಯ ಮೊಳೆಯ ಸುತ್ತ ಹಸಿರು ಹೊಗೆಯಂಥದ್ದು ಇಳಿಯತೊಡಗಿತು, ಹತ್ತು ನಿಮಿಷಕ್ಕೆ ತಳದಲ್ಲಿ ಕಂದು ಗಸಿ. ಋಣ ಮೊಳೆ ಹೊಳಪಾಗಿಯೇ ಇತ್ತು, ಮೈತುಂಬ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು.

ಆಮೇಲೆ ಅದೇ ನೀರನ್ನು ಹೊಸದಾಗಿ ತುಂಬಿ ಮೊಳೆಯ ಬದಲು ಹಳೆಯ ಟಾರ್ಚ್ ಸೆಲ್ಲಿನ ಇದ್ದಿಲ ಕಡ್ಡಿ ಹಾಕಿದೆ. ಎರಡೂ ಕಡೆ ಗುಳ್ಳೆ ಬಂದವು. ಧನ ಕಡ್ಡಿಯಿಂದ ಸ್ವಲ್ಪ ಕರಿಪುಡಿ ಉದುರಿತು. ಕೆಂಪು ಇಲ್ಲವೇ ಇಲ್ಲ. ಋಣ ಕಡ್ಡಿಗೆ ಬೂದಿಯಂಥ ಬಿಳಿ ಪದರ ಅಂಟಿತ್ತು. ಅದೇನು?

ಇನ್ನೊಂದು ತಮಾಷೆ: ಅಣ್ಣನ ಟಿಡಿಎಸ್ ಮೀಟರನ್ನು ಆರ್‌ಒ ನೀರಿಗೆ ಇಟ್ಟರೆ 38 ತೋರಿಸಿತು. ಎರಡು ಚಮಚ ಸಕ್ಕರೆ ಕಲಸಿದ ಮೇಲೆ 36!

ನಿವೃತ್ತ ಮಾಸ್ತರ
ಶಾಬಾಸ್. ಆ ಬಿಳಿ ಪದರವೇ ಎರೆಮಣ್ಣು ಅವರ ಸುಣ್ಣ. ಋಣ ಕಡ್ಡಿಯ ಬಳಿ ಹೈಡ್ರಾಕ್ಸೈಡ್ ಹೆಚ್ಚಾದಾಗ ಕ್ಯಾಲ್ಸಿಯಂ ಕಾರ್ಬನೇಟ್ ಅಲ್ಲಿಯೇ ಕೂರುತ್ತದೆ. ಅವರ ಮಾತಿನಲ್ಲಿ ಅಷ್ಟರ ಮಟ್ಟಿಗೆ ಹುರುಳಿದೆ.

ಸಕ್ಕರೆಯ ಸಂಗತಿಯನ್ನು ಎಲ್ಲರೂ ಗಮನಿಸಬೇಕು. ಟಿಡಿಎಸ್ ಎಂದರೆ ಕರಗಿದ ಘನಪದಾರ್ಥಗಳ ಮೊತ್ತ. ಆದರೆ ಆ ಮೀಟರು ಅದನ್ನು ತೂಗುವುದಿಲ್ಲ, ನೀರಿನಲ್ಲಿ ಕರೆಂಟು ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ನೋಡಿ ಒಂದು ಅಂಕಿಯಿಂದ ಗುಣಿಸುತ್ತದೆ. ಸಕ್ಕರೆ ಅಣುವಾಗಿಯೇ ಕರಗುತ್ತದೆ, ಅಯಾನಾಗುವುದಿಲ್ಲ, ಹೀಗಾಗಿ ಮೀಟರಿನ ಕಣ್ಣಿಗೆ ಬೀಳುವುದಿಲ್ಲ. ಎರಡು ಚಮಚ ಸಕ್ಕರೆಯೇ ಕಾಣದ ಮೀಟರಿಗೆ ಆರ್ಸೆನಿಕ್ ಕಾಣುತ್ತದೆಯೇ? ನಮ್ಮ ಜಿಲ್ಲೆಯ ಸುರಪುರ ಭಾಗದ ತಾಂಡಾಗಳಲ್ಲಿ ಅದರಿಂದ ಜನ ಎಷ್ಟು ನರಳಿದ್ದಾರೆಂದು ಕಂಡಿದ್ದೇನೆ. ಆರ್ಸೆನಿಕ್‌ಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ನೂರಾರು ಮಿಲಿಗ್ರಾಂ ಲವಣದ ನಡುವೆ ಯಾವ ಮೀಟರೂ ಯಾವ ಕಡ್ಡಿಯೂ ಅದನ್ನು ತೋರಿಸಲಾರದು.

ಮನೆಯಲ್ಲಿ ಪ್ರಯೋಗ ಮಾಡುವವರಿಗೆ: ಉಪ್ಪು ಹೆಚ್ಚು ಹಾಕಿದರೆ ಇದ್ದಿಲ ಕಡ್ಡಿಯ ಬಳಿ ಕ್ಲೋರಿನ್ ಬರುತ್ತದೆ, ಕಿಟಕಿ ತೆರೆದಿರಲಿ. ಸ್ಟೀಲ್ ಚಮಚವನ್ನು ಧನ ತುದಿಗೆ ಕಟ್ಟಬೇಡಿ, ವಿಷಕಾರಿ ಕ್ರೋಮಿಯಂ ಬಿಡಬಹುದು.

ಖಡಕ್ ರೊಟ್ಟಿ
ಇನ್ವರ್ಟರಿಗೆ ಬೋರ್‌ವೆಲ್ ನೀರು ಹಾಕಿ ಬ್ಯಾಟರಿ ಹಾಳು ಮಾಡಿಕೊಂಡ ನನ್ನ ಭಾವನಿಗೆ ಈ ಚರ್ಚೆ ಕಳಿಸಿದ್ದೇನೆ. "ನೀರು ನೀರೇ ಅಲ್ಲವೇ" ಎಂದಿದ್ದ.

ವೈರ್‌ಮನ್ ಕಾಕಾ
ಬ್ಯಾಟರಿಗೆ ಲವಣವಿಲ್ಲದ ನೀರು ಬೇಕು, ಅರ್ಥಿಂಗ್ ಗುಂಡಿಗೆ ಲವಣ ಬೇಕು. ನಾವು ಗುಂಡಿಗೆ ಇದ್ದಿಲು, ಉಪ್ಪು ತುಂಬುವುದು ಏಕೆಂದುಕೊಂಡಿರಿ? ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ನೆಲ ಒಣಗಿ ಬಿರುಕು ಬಿಟ್ಟಾಗ ಆ ಉಪ್ಪು ಇದ್ದೂ ಇಲ್ಲದಂತೆ, ಏಕೆಂದರೆ ಹಸಿ ಇಲ್ಲದೆ ಅಯಾನು ಕದಲುವುದಿಲ್ಲ. ವಾರಕ್ಕೊಂದು ಕೊಡ ನೀರು ಸುರಿಯಿರಿ ಎಂದು ನಾನು ಹೇಳುತ್ತಲೇ ಬಂದಿದ್ದೇನೆ, ಗಿಡಕ್ಕೆ ಹಾಕುತ್ತಾರೆಯೇ ಹೊರತು ಗುಂಡಿಗೆ ಹಾಕುವವರಿಲ್ಲ.

ಕರೇಜ್ ನೀರು (ಬೀದರ್)
ನಮ್ಮ ಮನೆಯವರು ಬಿದರಿ ಕೆಲಸದವರು, ಹಾಗಾಗಿ ಕೇಳುತ್ತಿದ್ದೇನೆ. ಎರಕ ಹೊಯ್ದ ಸತುವಿನ ಹೂಜಿಯನ್ನು ಉಜ್ಜಿ ನಯ ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಬೂದು ಮೈ ನೋಡನೋಡುತ್ತಲೇ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಉಕ್ಕಿನ ಮೊನೆಯಿಂದ ಗೀಚಿದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ, ಬೆಳ್ಳಿ ಕೂಡಿಸಲು ಅದೇ ಗುರುತು. ಇಲ್ಲಿ ಪ್ಲಗ್ ಇಲ್ಲ, ಬ್ಯಾಟರಿ ಇಲ್ಲ. ಇದೂ ಅಯಾನುಗಳ ಆಟವೇ?

ನಿವೃತ್ತ ಮಾಸ್ತರ
ಅಕ್ಕಾ, ಅದೇ ಆಟ, ಆದರೆ ಇಲ್ಲಿ ಹೊರಗಿನ ದೂಡುವಿಕೆ ಬೇಕಿಲ್ಲ. ಮೈಲುತುತ್ತದ ನೀರಿನಲ್ಲಿ ತಾಮ್ರದ ಅಯಾನು ಇದೆ. ಸತುವಿಗೆ ಇಲೆಕ್ಟ್ರಾನ್ ಬಿಟ್ಟುಕೊಡುವ ಆತುರ ಹೆಚ್ಚು. ಸತು ಕರಗುತ್ತದೆ, ತಾಮ್ರ ನುಣ್ಣನೆಯ ಪುಡಿಯಾಗಿ ಮೈಗೆ ಕೂರುತ್ತದೆ, ಬಹಳ ನುಣ್ಣಗಿರುವುದರಿಂದ ಕಪ್ಪಾಗಿ ಕಾಣುತ್ತದೆ. ಈ ಕೊಡು-ಕೊಳ್ಳುವಿಕೆಯನ್ನು ಒಂದೇ ಜಾಗದಲ್ಲಿ ನಡೆಯಲು ಬಿಡದೆ ತಂತಿಯ ಮೂಲಕ ಸುತ್ತಿಸಿದ್ದೇ 1836ರ ಡೇನಿಯಲ್ ಕೋಶ ಎಂಬ ಬ್ಯಾಟರಿ. ನಿಮ್ಮ ಮನೆಯ ಜಗಲಿಯ ಮೇಲೆ ನಡೆಯುವುದು ತಂತಿಯಿಲ್ಲದ ಡೇನಿಯಲ್ ಕೋಶ.

ಕರೇಜ್ ನೀರು
ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚುವಾಗ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ, ಸತು ಮಾತ್ರ ಕಾಡಿಗೆಯಾಗುತ್ತದೆ. ನಮ್ಮ ಮಾವ ಮಣ್ಣನ್ನು ಮೊದಲು ನಾಲಗೆಯ ಮೇಲೆ ಇಟ್ಟು ನೋಡುತ್ತಿದ್ದರು. ಮೀಟರು ಇರಲಿಲ್ಲ.

ತೊಗರಿಬೇಳೆ
ಭಾನುವಾರ ಏನಾಯಿತು ಯಾರಾದರೂ ಹೇಳಿ. ಮಣ್ಣು ನೆಕ್ಕುವವರೆಗೆ ಬಂದೆವು.

ಬಿಸಿಲುನಾಡಿನವ
ಬರೆಯುತ್ತಿದ್ದೇನೆ, ತಡವಾಯಿತು.

ಶನಿವಾರ ರಾತ್ರಿ ಅವ್ವನಿಗೆ ಇದನ್ನೆಲ್ಲ ಓದಿ ಹೇಳಿದೆ. ತೇರಿನ ಹಗ್ಗದ ಮಾತಿಗೆ ತಲೆದೂಗಿದಳು, ಉಳಿದದ್ದಕ್ಕೆ ಏನೂ ಹೇಳಲಿಲ್ಲ. ಭಾನುವಾರ ಹನ್ನೊಂದಕ್ಕೆ ಅವನು ಬಂದ. "ನನ್ನ ಮಗ ನೋಡಿಲ್ಲ, ಇನ್ನೊಮ್ಮೆ ತೋರಿಸು" ಎಂದಳು. ಎರಡು ಲೋಟ ಇಟ್ಟಳು. ಅವನು ತನ್ನ ಬಾಟಲಿಯ ನೀರು ಹಾಕಿ, ಪ್ಲಗ್ ಎಲ್ಲಿದೆ ಎಂದು ಗೋಡೆಯ ಕಡೆ ತಿರುಗಿ ವೈರು ಬಿಡಿಸುತ್ತಿದ್ದ. ಅವ್ವ ಸೆರಗಿನ ಗಂಟಿನಿಂದ ಎರಡು ಬೆರಳ ತುದಿಯಷ್ಟು ಉಪ್ಪು ತೆಗೆದು ಅವನ ಲೋಟಕ್ಕೆ ಬಿಟ್ಟು ಬಳೆ ಸಪ್ಪಳವಾಗದಂತೆ ಕೈ ಹಿಂದೆ ತೆಗೆದುಕೊಂಡಳು. ನನಗೂ ಹೇಳಿರಲಿಲ್ಲ.

ಸ್ವಿಚ್ ಹಾಕಿದ. ನಮ್ಮ ಲೋಟಕ್ಕಿಂತ ಮೊದಲು ಅವನದೇ ಹಸಿರಾಯಿತು. ಅರ್ಧ ನಿಮಿಷಕ್ಕೆ ಕುಡಿಕೆಯ ಬಣ್ಣ. ಅವನು ಡಬ್ಬಿ ಎತ್ತಿ ನೋಡಿದ, ಲೋಟ ಎತ್ತಿ ನೋಡಿದ. "ನಿನ್ನ ನೀರಿಗೂ ಕೊಳೆ ಬಂತಲ್ಲಪ್ಪಾ, ನೀನು ಎಷ್ಟು ವರ್ಷದಿಂದ ಕುಡಿಯುತ್ತಿದ್ದೀ?" ಎಂದಳು.

"ಉಪ್ಪು ಹಾಕಿದರೆ ಯಂತ್ರ ಸುಟ್ಟುಹೋಗುತ್ತದೆ ಅವ್ವಾ" ಎಂದ. ಉಪ್ಪು ಎಂದು ಯಾರೂ ಹೇಳಿರಲಿಲ್ಲ! ಸಾವಿರದಲ್ಲಿ ಏಳುನೂರು ವಾಪಸ್ ಬಂತು, ಮುನ್ನೂರು ನೋಂದಣಿಗೆ ಹೋಯಿತಂತೆ.

ವೈರ್‌ಮನ್ ಕಾಕಾ
ಹೆಚ್ಚು ಉಪ್ಪು ಬಿದ್ದರೆ ಡಯೋಡ್ ಸುಡುವುದು ನಿಜ, ಆ ಒಂದು ಮಾತಿನಲ್ಲಿ ಸುಳ್ಳಿಲ್ಲ. ಅವ್ವನ ಕೈಯಳತೆ ಸರಿಯಾಗಿತ್ತು.

ಖಡಕ್ ರೊಟ್ಟಿ
ಮುನ್ನೂರು ರೂಪಾಯಿಗೆ ಇಂಥ ಆಟ ಅಗ್ಗವೇ.

ಬಿಸಿಲುನಾಡಿನವ
ಹದಿನೈದು ದಿನಗಳ ನಂತರ ಬರೆಯುತ್ತಿದ್ದೇನೆ. ಮಾಸ್ತರರ ಮಾತು ಕೇಳಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟಿದ್ದೆ. ಕಬ್ಬಿಣ ಮಿತಿಯೊಳಗೆ ಇದೆ. ಫ್ಲೋರೈಡ್ ಸರಿಯಾಗಿದೆ. ಗಡಸುತನ ಹೆಚ್ಚು, ಅದು ಗೊತ್ತೇ ಇತ್ತು. ಆದರೆ ನೈಟ್ರೇಟ್ ಲೀಟರಿಗೆ 71 ಮಿಲಿಗ್ರಾಂ. ಮಿತಿ 45.

ಎರೆಮಣ್ಣು
ನಾನು ಏನು ಹೇಳಿದ್ದೆ?

ನಿವೃತ್ತ ಮಾಸ್ತರ
ನೀವು ಕೆಂಪು ಕೆಸರು ಎಂದಿದ್ದಿರಿ. ನೈಟ್ರೇಟಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಆ ಲೋಟದಲ್ಲಿ ಅದೂ ಉಳಿದ ಅಯಾನುಗಳ ಜೊತೆ ಕರೆಂಟು ಹೊರುತ್ತಿತ್ತು, ಅಷ್ಟೇ. ಬಿಸಿಲುನಾಡಿನವರೇ, ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಮನೆಯಲ್ಲಿ ಎಳೆಮಗು ಇದ್ದರೆ ಆ ನೀರು ಕೊಡಲೇಬೇಡಿ. ಬೋರ್‌ವೆಲ್ಲಿನ ಹತ್ತಿರ ಶೌಚದ ಗುಂಡಿ ಇದೆಯೇ ನೋಡಿ. ಕುಡಿಯಲು ಆರ್‌ಒ ನಿಮಗೆ ನಿಜಕ್ಕೂ ಬೇಕಾಗಬಹುದು.

ಬಿಸಿಲುನಾಡಿನವ
ಗುಂಡಿ ಇದೆ, ಪಕ್ಕದ ಮನೆಯವರದು. ಅದು ಬೇರೆಯೇ ಜಗಳ. ಯಂತ್ರ ಅಂಗಡಿಗೆ ಹೋಗಿ ತರುತ್ತೇನೆ, ಅವ್ವ ಒಪ್ಪಿದ್ದಾಳೆ. ಮನೆಗೆ ಬಂದವನ ಹತ್ತಿರ ಮಾತ್ರ ಬೇಡವಂತೆ.

ಪಿಯು ವಿದ್ಯಾರ್ಥಿನಿ
ಅಣ್ಣಾ, ಆ ಎರಡು ಲೋಟದ ಕೆಂಪು ಕಲೆ ಹೋಯಿತೇ? ನನ್ನ ಲೋಟಕ್ಕೆ ಇನ್ನೂ ಇದೆ, ಅಮ್ಮ ಬೈಯುತ್ತಿದ್ದಾಳೆ.

ಬಿಸಿಲುನಾಡಿನವ
ಸಾರಿಗೆ ಹಿಂಡಿದ ಹುಣಸೆಹಣ್ಣಿನ ಚರಟ ಹಾಕಿ ಅವ್ವ ರಾತ್ರಿಯಿಡೀ ಬಿಟ್ಟಿದ್ದಳು. ಬೆಳಿಗ್ಗೆ ಒಂದು ಕೈ ಉಜ್ಜಿದ್ದೇ ತಡ, ಹೋಯಿತು.